ದೆವ್ವದ ಕಥೆಗೆ ಹಾಳುಮನೆಯೇ ಯಾಕೆ ಬೇಕು?

ದೆವ್ವದ ಕಥೆಯಲ್ಲಿ ದೆವ್ವ ಬರೋದು ಕೊನೆಗೆ. ಅದಕ್ಕೂ ಮೊದಲೇ ನಮ್ಮನ್ನು ಹೆದರಿಸೋದು ಜಾಗ. ಸಣ್ಣಕಥೆಯಲ್ಲಂತೂ ಪಾತ್ರ ಬೆಳೆಸೋಕೆ ಪುರುಸೊತ್ತೇ ಇರಲ್ಲ, ಎರಡು ಸಾಲಲ್ಲಿ ಎದೆ ಢವಗುಟ್ಟಬೇಕು.

ನಮ್ಮ ಅಡ್ಡಗದ್ದೆ ಕಡೆ ಕಥೆ ಹೇಳೋರಿಗೆ ಆ ಕಷ್ಟ ಇರಲಿಲ್ಲ ಬಿಡಿ. ಬಯಲುಸೀಮೆಯ ಹಾಗೆ ಸಾಲುಮನೆಗಳ ಊರಲ್ಲ ಇದು. ತೋಟದ ಪಕ್ಕ ಒಂದು ಮನೆ. ಇನ್ನೊಂದಕ್ಕೆ ಗುಡ್ಡ ಹತ್ತಿ ಇಳೀಬೇಕು. ಕರೆಂಟ್ ಬರೋಕೆ ಮುಂಚೆ ಸೀಮೆಎಣ್ಣೆ ಬುಡ್ಡಿಯ ಬೆಳಕು ಜಗಲಿಯ ಅಂಚಿಗೇ ಮುಗೀತಿತ್ತು. ಆಷಾಢದ ಮಳೆ ಹಿಡಿದರೆ ಅಂಗಳದಲ್ಲಿ ಕೂಗಿದ್ದೂ ಕೇಳಲ್ಲ. ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ... ಉಳಿದದ್ದನ್ನು ಮನಸ್ಸೇ ಕಟ್ಟಿಕೊಳ್ಳುತ್ತೆ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ದೆವ್ವದ ಕಥೆಯೇನಲ್ಲ. ಆದರೂ ನಾಯಿಗುತ್ತಿ ತನ್ನ ಹುಲಿಯನ ಜೊತೆ ಕಾಡುದಾರಿ ಹಿಡಿದಾಗ ಓದುವವರ ಕಿವಿ ನೆಟ್ಟಗಾಗುತ್ತೆ.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅಜ್ಜಿಯ ಕಥೆಗಳಲ್ಲಿ ಮತ್ತೆ ಮತ್ತೆ ಬರ್ತಿದ್ದದ್ದು ಎರಡೇ ಜಾಗ: ಕಾಡೊಳಗಿನ ಹಾಳುಮನೆ, ಮುಸ್ಸಂಜೆಯ ಹಳ್ಳ. ಇವೇ ಯಾಕೆ?

ಉತ್ತರ ಇತಿಹಾಸದಲ್ಲಿದೆ ಅನ್ನಿಸುತ್ತೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಚಳಿಜ್ವರ, ಅಂದರೆ ಮಲೇರಿಯಾ, ಮಲೆನಾಡನ್ನು ಹಿಂಡಿಹಾಕಿತ್ತು. ಇಲ್ಲಿ ಜನ ಕಡಿಮೆಯಾಗುತ್ತಿರೋದು ಮೈಸೂರು ಸರ್ಕಾರಕ್ಕೇ ಚಿಂತೆಯಾಗಿತ್ತು. ಮನೆಗಳು ಬರಿದಾದವು. ರೋಗ ಹರಡುವ ಅನಾಫಿಲಿಸ್ ಸೊಳ್ಳೆ ಮರಿ ಮಾಡೋದು ಹರಿಯುವ ಹಳ್ಳದ ಅಂಚಿನಲ್ಲಿ, ಕಚ್ಚೋದು ಕತ್ತಲಾದ ಮೇಲೆ. ಜ್ವರ ಮಿದುಳಿಗೇರಿದರೆ ರೋಗಿ ಗಡಗಡ ನಡುಗುತ್ತಾ ಏನೇನೋ ಬಡಬಡಿಸುತ್ತಾನೆ. ನೋಡಿದವರು 'ಹಳ್ಳದ ಹತ್ರ ಏನೋ ಮೆಟ್ಟಿಕೊಂಡಿದೆ' ಅಂದುಕೊಂಡರೆ ಆಶ್ಚರ್ಯವೇನು?

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಮನೆಗಳ ಗೋಡೆಗೆ ಡಿಡಿಟಿ ಹೊಡೆದರು. ಜ್ವರ ಹಿಂದೆ ಸರಿಯಿತು. ಸತ್ತವರ ಹೆಸರು ಮರೆತುಹೋಯ್ತು. ಕಥೆಯಲ್ಲಿ ದೆವ್ವ ಮಾತ್ರ ಉಳೀತು.

ಹಾಗಾಗಿ ಆಫೀಸಿನಿಂದ ಬಂದು ರಾತ್ರಿ ಕಥೆ ಬರೆಯೋಕೆ ಕೂತಾಗ 'ಅದೊಂದು ಹಾಳುಮನೆ' ಅಂತ ಸುಮ್ಮನೆ ಬರೆಯೋಕೆ ನನಗೆ ಕೈ ಬರಲ್ಲ. ಬಾವಲಿ, ಜೇಡರ ಬಲೆ ಬಿಟ್ಟು, ಅಂಗಳದಲ್ಲಿ ತುಳಸಿಕಟ್ಟೆ ಇಡ್ತೀನಿ, ಒಳಗೆ ತಿರುವಿ ತಿರುವಿ ಸವೆದ ಒರಳುಕಲ್ಲು ಇಡ್ತೀನಿ. ಇಲ್ಲಿ ಯಾರೋ ಬದುಕಿದ್ದರು ಅಂತ ಗೊತ್ತಾದಾಗಲೇ ನಿಜವಾದ ಭಯ ಹುಟ್ಟೋದು. ಅದರ ಹಿಂದೆಯೇ ಸ್ವಲ್ಪ ಸಂಕಟವೂ.

ನಿಮ್ಮೂರಿನ ಹಾಳುಮನೆಯಲ್ಲಿ ಯಾರಿದ್ದರು? ಹಿರಿಯರು ಇರುವಾಗಲೇ ಒಮ್ಮೆ ಕೇಳಿ ನೋಡಿ.