ಗಾಡಿಯಾ ಲೋಹಾರ್ ಮಕ್ಕಳು ಮತ್ತು ಶಾಲೆಯ ಬಾಗಿಲು

ದೆಹಲಿಯ ರಸ್ತೆಬದಿಗಳಲ್ಲಿ ತಿದಿಯೊತ್ತಿ, ಕಬ್ಬಿಣ ಕಾಯಿಸಿ, ಕೊಡಲಿ, ಇಕ್ಕಳ, ಬಾಣಲೆಗಳನ್ನು ಮಾಡಿ ಮಾರುವ ಕುಟುಂಬಗಳನ್ನು ರೋಹಿಣಿ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಓದುಗರು ಕಂಡೇ ಇರುತ್ತಾರೆ. ಇವರು ಗಾಡಿಯಾ ಲೋಹಾರರು, ಅಂದರೆ ಗಾಡಿಯಲ್ಲೇ ಬಾಳುವೆ ನಡೆಸಿದ ಕಮ್ಮಾರರು. ಇವರ ಮಕ್ಕಳ ಶಿಕ್ಷಣದ ಕುರಿತು ಕೆಲವು ಮಾಹಿತಿಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಹಿನ್ನೆಲೆ

1568ರಲ್ಲಿ ಚಿತ್ತೋರಗಢ ಅಕ್ಬರನ ವಶವಾದಾಗ, ಕೋಟೆ ಮರಳಿ ದೊರೆಯುವವರೆಗೆ ಒಂದೆಡೆ ನೆಲೆಸುವುದಿಲ್ಲವೆಂದು ಪೂರ್ವಿಕರು ಪ್ರತಿಜ್ಞೆಗೈದರೆಂಬುದು ಇವರ ಐತಿಹ್ಯ. 1955ರಲ್ಲಿ ಪ್ರಧಾನಿ ನೆಹರೂ ಅವರೇ ಇವರನ್ನು ಚಿತ್ತೋರಗಢಕ್ಕೆ ಕರೆದೊಯ್ದು ಆ ಪ್ರತಿಜ್ಞೆಗೆ ಮಂಗಳ ಹಾಡಿಸಿದರು. ಅಲೆದಾಟ ಬಹುಮಟ್ಟಿಗೆ ನಿಂತಿದೆಯಾದರೂ ವಿಳಾಸವೆಂಬುದು ಅನೇಕರಿಗೆ ಇನ್ನೂ ದೊರೆತಿಲ್ಲ. ಬಸ್ತಿಯ ತೆರವಾದಾಗ ಮನೆಯೊಡನೆ ಕಾಗದಪತ್ರಗಳೂ ಮಕ್ಕಳ ಓದೂ ಚೆಲ್ಲಾಪಿಲ್ಲಿಯಾಗುತ್ತವೆ.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಈ ಕೆಳಗಿನ ರಕ್ಷಣೆಗಳನ್ನು ನೀಡಿದೆ:

- ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ (ಕಲಂ 14). ಜನನ ಪ್ರಮಾಣಪತ್ರವಿಲ್ಲದಿದ್ದರೆ ಆಸ್ಪತ್ರೆ ಅಥವಾ ಅಂಗನವಾಡಿಯ ದಾಖಲೆ, ಇಲ್ಲವೇ ತಂದೆತಾಯಿಯ ಘೋಷಣೆಯೇ ಸಾಕೆಂದು ಕೇಂದ್ರದ 2010ರ ನಿಯಮಗಳು ಹೇಳುತ್ತವೆ.
- ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ಮುಂದೂಡುವಂತಿಲ್ಲ (ಕಲಂ 5).
- ಶಾಲೆಯನ್ನೇ ಕಾಣದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ನೀಡಬೇಕು (ಕಲಂ 4).

ಸಮಾಜಕಾರ್ಯದ ಅಗತ್ಯ

ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ತೊಡಕೆಲ್ಲಿ? ಅಕ್ಷರವರಿಯದ ತಾಯಿಯೊಬ್ಬಳು ಶಾಲೆಯ ಕಚೇರಿಯಲ್ಲಿ ನಿಂತು ಕಲಂ 14ನ್ನು ಉದ್ಧರಿಸಲಾರಳು. ಇಲ್ಲವೆಂದರೆ ಹಿಂದಿರುಗುತ್ತಾಳೆ; ಮಗುವಿನ ಒಂದು ವರ್ಷ ಹೋಗುತ್ತದೆ. ಹತ್ತು ವರ್ಷದ ಹುಡುಗನನ್ನು ಆರು ವರ್ಷದವರೊಡನೆ ಕೂರಿಸಿದರೆ ಅವನು ನಾಚಿ ಕುಲುಮೆಗೆ ಮರಳುತ್ತಾನೆ. ಆದ್ದರಿಂದ ಸಮಾಜಕಾರ್ಯಕರ್ತರ ಕೆಲಸ ದಾಖಲಾತಿಯಲ್ಲಿ ಮುಗಿಯುವಂಥದಲ್ಲ. ಪೋಷಕರೊಡನೆ ಶಾಲೆಗೆ ಹೋಗುವುದು, ಹಾಜರಿ ತಪ್ಪಿದಾಗ ಬಸ್ತಿಗೆ ಹೋಗಿ ವಿಚಾರಿಸುವುದು, ಶಾಲಾ ಆಡಳಿತ ಸಮಿತಿಯಲ್ಲಿ ಈ ಪೋಷಕರಿಗೂ ಸ್ಥಾನ ದೊರಕಿಸುವುದು ಇವೆಲ್ಲವೂ ಅದರೊಳಗೇ ಸೇರಿವೆ.

ಯೂರೋಪಿನ ಉದಾಹರಣೆ

ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟ ರೋಮಾ ಜನರು ಇಂದಿಗೂ ನೀರಿಗೆ 'ಪಾನಿ' ಎನ್ನುತ್ತಾರೆ. ಚೆಕ್ ಗಣರಾಜ್ಯದಲ್ಲಿ ಅವರ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ಮೀಸಲಾದ ಶಾಲೆಗಳಿಗೆ ಕಳುಹಿಸಲಾಗುತ್ತಿತ್ತು. ಓಸ್ಟ್ರಾವಾ ನಗರದ 18 ವಿದ್ಯಾರ್ಥಿಗಳ ಮೊಕದ್ದಮೆಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2007ರ ನವೆಂಬರ್ 13ರಂದು ಇದು ತಾರತಮ್ಯವೆಂದು ತೀರ್ಪಿತ್ತಿತು. ಹಲವು ದೇಶಗಳಲ್ಲಿ ರೋಮಾ ಸಮುದಾಯದವರನ್ನೇ ಶಾಲೆಗೂ ಮನೆಗೂ ನಡುವಿನ ಮಧ್ಯವರ್ತಿಗಳನ್ನಾಗಿ ನೇಮಿಸುವ ಕ್ರಮವಿದೆ. ಬಸ್ತಿಯಲ್ಲೇ ಓದಿ ಮುಂದೆ ಬಂದ ಯುವತಿಯೊಬ್ಬಳ ಮಾತಿಗೆ ಹೊರಗಿನವರ ಹತ್ತು ಭಾಷಣಗಳಿಗಿಂತ ಹೆಚ್ಚಿನ ತೂಕವಿರುತ್ತದೆ.

ನಮ್ಮ ಪಾಲು

ಕರ್ನಾಟಕದಲ್ಲಿ ಹಕ್ಕಿಪಿಕ್ಕಿ, ಸಿಳ್ಳೇಕ್ಯಾತ, ಬುಡುಬುಡಿಕೆ ಸಮುದಾಯಗಳನ್ನು ಬಲ್ಲ ನಮಗೆ ಈ ಪಾಡು ಹೊಸದಲ್ಲ. ಪರಊರಿನ ಶಾಲೆಯಲ್ಲಿ ಮಕ್ಕಳಿಗೆ ಸೀಟು ದೊರಕಿಸಲು ನಾವೂ ವರ್ಗಾವಣೆ ಪತ್ರ ಹಿಡಿದು ಅಲೆದವರೇ. ಆದರೆ ನಮಗೆ ಓದು, ವಿಳಾಸ, ಪರಿಚಿತರ ನೆರವು ಇದ್ದವು. ಬಿಡುವಿರುವ ನಿವೃತ್ತರು, ಗೃಹಿಣಿಯರು ಒಂದು ಮುಂಜಾನೆ ಅರ್ಜಿ ತುಂಬಿಕೊಟ್ಟು ಶಾಲೆಯವರೆಗೆ ಜೊತೆಗೆ ನಡೆದರೂ ಸಾಕು, ಒಂದು ಮಗುವಿನ ಒಂದು ವರ್ಷ ಉಳಿಯುತ್ತದೆ.