ಸಮುದಾಯ ಪರಿಸರ ಶಿಕ್ಷಣ: ಕರ್ನಾಟಕದಲ್ಲಿ ಶಿಕ್ಷಕರು ಮತ್ತು ಸ್ವಯಂಸೇವಕರ ತರಬೇತಿಯ ಇತಿಹಾಸ

ನೆಲ, ನೀರು, ಕಾಡಿನ ವಿಚಾರದಲ್ಲಿ ಊರಿನವರೊಂದಿಗೆ ಕೂತು ಮಾತಾಡಬಲ್ಲ ಶಿಕ್ಷಕರನ್ನೂ ಸ್ವಯಂಸೇವಕರನ್ನೂ ಸಿದ್ಧಪಡಿಸುವ ಕೆಲಸ ಕರ್ನಾಟಕದಲ್ಲಿ ಎಂದು ಶುರುವಾಯಿತು? ಇದಕ್ಕೆ ಎರಡು ಉತ್ತರಗಳಿವೆ. ಸರ್ಕಾರದ ಯೋಜನೆಗಳಿಂದ ಲೆಕ್ಕ ಹಿಡಿಯುವವರು 2001–02ರ ರಾಷ್ಟ್ರೀಯ ಹಸಿರು ಪಡೆಯನ್ನು ತೋರಿಸುತ್ತಾರೆ. ಚಳವಳಿಗಳ ಕಡೆಯಿಂದ ನೋಡುವವರು 1983ರ ಅಪ್ಪಿಕೋ ಚಳವಳಿಯನ್ನು. ಎರಡನೆಯ ಉತ್ತರಕ್ಕೇ ಬಲ ಹೆಚ್ಚು.

ಪರಿಸರ ಶಿಕ್ಷಣ ಕುರಿತ 1977ರ ಟಿಬಿಲಿಸಿ ಸಮ್ಮೇಳನ, 1984ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಪರಿಸರ ಶಿಕ್ಷಣ ಕೇಂದ್ರ, 1986ರ ರಾಷ್ಟ್ರೀಯ ಪರಿಸರ ಜಾಗೃತಿ ಅಭಿಯಾನ ಇವೆಲ್ಲ ಈ ವಿಷಯದ ಪರಿಚಿತ ಮೈಲುಗಲ್ಲುಗಳು.

ಕರ್ನಾಟಕದ ಕಥೆ ಶುರುವಾಗುವುದು ಬೇರೆಡೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಎಂದು ಹೆಸರಾದ ಈ ಚಳವಳಿ ಊರಿಂದೂರಿಗೆ ಹಬ್ಬಿದ್ದು ಪಾದಯಾತ್ರೆ, ಬೀದಿನಾಟಕ, ಸ್ಲೈಡ್ ಪ್ರದರ್ಶನಗಳ ಮೂಲಕ. ಅದರ ಮುಂದಾಳು ಪಾಂಡುರಂಗ ಹೆಗಡೆ ಮತ್ತು ಸಂಗಡಿಗರಿಗೆ ತರಬೇತಿ ಕೊಠಡಿ ಇರಲಿಲ್ಲ. ನಡೆಯುತ್ತ ಕಲಿತವರೇ ಮುಂದಿನೂರಿನಲ್ಲಿ ಕಲಿಸುವವರಾದರು. 1984ರಲ್ಲಿ ಧಾರವಾಡದಲ್ಲಿ ಆರಂಭವಾದ ಸಮಾಜ ಪರಿವರ್ತನ ಸಮುದಾಯವೂ ತುಂಗಭದ್ರೆಯ ಮಾಲಿನ್ಯ ಮತ್ತು ಗೋಮಾಳದ ಪ್ರಶ್ನೆಗಳನ್ನು ಹಿಡಿದು ಹಳ್ಳಿಗರನ್ನು ಸಂಘಟಿಸಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು.

ಇತಿಹಾಸಗಳಲ್ಲಿ ಅಷ್ಟಾಗಿ ಕಾಣದ ತಿರುವು 1990ರ ದಶಕದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿ ಗಿಡ, ಹಕ್ಕಿ, ಚಿಟ್ಟೆಗಳನ್ನು ದಾಖಲಿಸುವ ಜಾಲ ಕಟ್ಟಿದರು. ಅದೇ ದಶಕದಲ್ಲಿ ಬಂದ ಜನತಾ ಜೀವವೈವಿಧ್ಯ ದಾಖಲಾತಿ ಕೆಲಸದಲ್ಲಿ ಅಧ್ಯಾಪಕರು ಊರಿನ ನಾಟಿ ವೈದ್ಯರು, ಮೀನುಗಾರರು, ಕುರಿಗಾಹಿಗಳ ಎದುರು ಕೂತು ಕೇಳಿ ಬರೆದುಕೊಳ್ಳಬೇಕಿತ್ತು. ತರಬೇತಿ ಎಂದರೆ ಮೊದಲು ಕೇಳಿಸಿಕೊಳ್ಳುವುದು ಎಂದು ಈ ಪದ್ಧತಿ ಸ್ಪಷ್ಟವಾಗಿ ಹೇಳಿತು. 2002ರ ಜೀವವೈವಿಧ್ಯ ಕಾಯ್ದೆಯ ನಂತರ ದಾಖಲಾತಿ ಸ್ಥಳೀಯ ಸಂಸ್ಥೆಗಳ ಹೊಣೆಯಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದಾಗ ಅದು ತರಾತುರಿಯ ಕಾಗದಪತ್ರದ ಕೆಲಸವಾಯಿತು.

ಮೊದಲು ಹೇಳಿದ ರಾಷ್ಟ್ರೀಯ ಹಸಿರು ಪಡೆಯ ದಾರಿ ಬೇರೆ. ಶಾಲೆಗೊಂದು ಇಕೋ ಕ್ಲಬ್, ಅದಕ್ಕೊಬ್ಬ ಹೊಣೆಗಾರ ಶಿಕ್ಷಕ, ಆ ಶಿಕ್ಷಕರಿಗೆ ಕಲಿಸಲು ಸಂಪನ್ಮೂಲ ವ್ಯಕ್ತಿಗಳು. ಜಿಲ್ಲೆಗೆ 100 ಇದ್ದ ಕ್ಲಬ್‌ಗಳ ಮಿತಿ ಮುಂದೆ 250ಕ್ಕೆ ಏರಿತು. ಮೇಲಿನಿಂದ ಕೆಳಗಿಳಿಯುವ ಇಂಥ ತರಬೇತಿ ಪ್ರತಿ ಮೆಟ್ಟಿಲಲ್ಲೂ ತೆಳುವಾಗುತ್ತದೆ. ತರಬೇತಾದ ಶಿಕ್ಷಕರಿಗೆ ವರ್ಗವಾದರೆ ಕ್ಲಬ್ಬೂ ಸೊರಗುತ್ತದೆ. ಪರಿಸರವನ್ನು ಕಡ್ಡಾಯ ವಿಷಯವಾಗಿಸುವಂತೆ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿ, 2003ರಲ್ಲಿ ಮತ್ತೆ ಒತ್ತಾಯಿಸಿದ್ದರಿಂದ ಪಠ್ಯ ಬಂತು. ಪಠ್ಯ ಬಂದಷ್ಟು ಸಲೀಸಾಗಿ ಶಿಕ್ಷಕರು ಊರಿನೊಳಗೆ ಹೋಗಲಿಲ್ಲ.

ವಿಜಯಪುರದಂಥ ಬಯಲುಸೀಮೆ ಈ ಚರಿತ್ರೆಗಳ ಅಂಚಿನಲ್ಲೇ ಉಳಿದಿದೆ. ಮಾದರಿಗಳು ಹೆಚ್ಚಾಗಿ ಮಲೆನಾಡಿನವು; ಇಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಕಾಡು ತೀರಾ ಕಡಿಮೆ. ರಾಜಕಾರಣಿ ಎಂ.ಬಿ. ಪಾಟೀಲರ ಮುಂದಾಳತನದ ಕೋಟಿ ವೃಕ್ಷ ಅಭಿಯಾನ ಆ ಕೊರತೆಗೆ ದೊಡ್ಡ ಪ್ರಮಾಣದ ಉತ್ತರ. ಅದರ ಸುದ್ದಿಗಳಲ್ಲಿ ಸಸಿಗಳ ಸಂಖ್ಯೆ ಮುಂದೆ, ಅವನ್ನು ಬೇಸಿಗೆ ದಾಟಿಸಲು ಕಲಿಸಿದವರು ಹಿಂದೆ. ನಿಜವಾದ ಪಾಠ ಇರುವುದು ಆ ಹಿಂದಿನ ಸಾಲಿನಲ್ಲೇ: ಮುಂಗಾರಿನಲ್ಲಿ ನೆಟ್ಟ ಬೇವಿಗೆ ಚೈತ್ರ–ವೈಶಾಖದಲ್ಲಿ ನೀರು ಹಾಕುವವರು ಯಾರು, ಆಡು–ಕುರಿ ಬಾಯಿ ಹಾಕದಂತೆ ಮುಳ್ಳು ಕಟ್ಟುವವರು ಯಾರು ಎಂಬುದು ನೆಡುವ ದಿನವೇ ಗೊತ್ತಾಗಬೇಕು.

ವಿಜಯಪುರ ನಗರದ ಸಮೀಪದ ಇಟ್ಟಂಗಿಹಾಳ, ದ್ರಾಕ್ಷಿ ಬೆಳೆಯುವ ತಿಕೋಟಾ, ಡೋಣಿ ಹೊಳೆಯ ಸೀಮೆಯ ಬಬಲೇಶ್ವರ ಈ ಕಡೆಗೆಲ್ಲ ನೀರೇ ಮೊದಲ ಪಾಠ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎನ್ನುವ ಜನರಿಗೆ ಆ ಹೊಳೆಯ ಉಪ್ಪು ನೀರು, ತುಂಬಿದ ಹೂಳು, ಹೊಲಕ್ಕೆ ನುಗ್ಗುವ ನೆರೆ ಎಲ್ಲವೂ ಗೊತ್ತು. ಪಕ್ಕದ ನಗರದಲ್ಲಿ 1620ರ ತಾಜ್ ಬಾವಡಿ ಎಂಬ ಬಾವಿ, 1651ರ ಬೇಗಂ ತಲಾಬ್ ಕೆರೆ, ನೆಲದಡಿಯ ನೀರ್ಗಾಲುವೆಗಳು ಇವೆ. ಇವನ್ನು ತೋರಿಸಿ ಕಲಿಸಬಲ್ಲ ಶಿಕ್ಷಕರಿಗೆ ಬೇರೆ ಪ್ರಯೋಗಶಾಲೆ ಬೇಕಿಲ್ಲ.

ಈಚಿನ ವರ್ಷಗಳಲ್ಲಿ ಶಾಲಾ ಇಕೋ ಕ್ಲಬ್‌ಗಳು ಪರಿಸರಸ್ನೇಹಿ ಬದುಕಿನ ಅಭಿಯಾನವಾದ ‘ಮಿಷನ್ ಲೈಫ್’ ಹೆಸರಿನಡಿ ಬಂದಿವೆ. 2024ರ ಜೂನ್ 5ರಿಂದ ‘ತಾಯಿಯ ಹೆಸರಲ್ಲೊಂದು ಗಿಡ’ ಅಭಿಯಾನವೂ ಜೊತೆಗೂಡಿದೆ.