ವ್ಯಾನ್ ವೇಗವರ್ಧನೆ

ಒಂದು ಊರಿನ ಸರ್ವರ್‌ನಲ್ಲಿರುವ ತಂತ್ರಾಂಶವನ್ನು ಇನ್ನೊಂದು ಊರಿನ ಕಚೇರಿಯವರು ಬಳಸುವಾಗ ಆಗುವ ತಡವನ್ನು ತಗ್ಗಿಸುವ ವಿಧಾನಗಳಿಗೆ ಒಟ್ಟಾಗಿ ವ್ಯಾನ್ ವೇಗವರ್ಧನೆ ಎನ್ನುತ್ತಾರೆ. ವ್ಯಾನ್ ಎಂದರೆ ವೈಡ್ ಏರಿಯಾ ನೆಟ್‌ವರ್ಕ್, ಊರೂರಿನ ಕಂಪ್ಯೂಟರುಗಳನ್ನು ಬೆಸೆಯುವ ಜಾಲ. ಲೈನಿನ ಸಾಮರ್ಥ್ಯ ಹೆಚ್ಚಿಸಿದರೆ ತಡ ತಾನಾಗಿಯೇ ನೀಗುತ್ತದೆಂಬ ನಂಬಿಕೆ ಕಚೇರಿಗಳಲ್ಲಿ ಈಗಲೂ ಉಂಟು. ಅದು ಅರ್ಧ ಸತ್ಯ.

ಕರ್ನಾಟಕದಲ್ಲಿ ಈ ಸಮಸ್ಯೆ ಮೊದಲು ಎದುರಾದದ್ದು ಉಪಗ್ರಹ ಸಂಪರ್ಕದೊಂದಿಗೆ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಉಪಗ್ರಹ ಕೊಂಡಿ ಪಡೆಯಿತು. ಅದರ ಸಾಮಗ್ರಿ ಎತ್ತಿನ ಗಾಡಿಯಲ್ಲಿ ಬಂತೆಂಬುದು ನಗರದ ಐಟಿ ಇತಿಹಾಸದಲ್ಲಿ ಮತ್ತೆ ಮತ್ತೆ ಹೇಳುವ ಸಂಗತಿ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಸಂದೇಶವೊಂದು ಮೇಲೇರಿ ಇಳಿದು, ಅದರ ಉತ್ತರವೂ ಹಾಗೆಯೇ ಮರಳಲು ಸುಮಾರು ಅರ್ಧ ಸೆಕೆಂಡು ಬೇಕು. ಜಾಲದಲ್ಲಿ ದತ್ತಾಂಶ ಕಳಿಸುವ ಕ್ರಮವನ್ನು ಹೇಳುವ ಟಿಸಿಪಿ ನಿಯಮದ ಮೂಲ ರೂಪದಲ್ಲಿ ಒಪ್ಪಿಗೆಯ ಉತ್ತರ ಬರುವ ಮುನ್ನ ಹೆಚ್ಚೆಂದರೆ 64 ಕಿಲೋಬೈಟ್ ದತ್ತಾಂಶವನ್ನಷ್ಟೇ ಕಳಿಸಬಹುದಿತ್ತು. ಅಂದರೆ ಲೈನು ಎಷ್ಟೇ ದೊಡ್ಡದಿರಲಿ, ಒಂದು ಸಂಪರ್ಕಕ್ಕೆ ಸೆಕೆಂಡಿಗೆ ಸುಮಾರು ಒಂದು ಮೆಗಾಬಿಟ್‌ಗಿಂತ ಹೆಚ್ಚು ದಕ್ಕುತ್ತಿರಲಿಲ್ಲ. 1988ರಲ್ಲಿ ವ್ಯಾನ್ ಜೇಕಬ್ಸನ್ ಎಂಬ ಸಂಶೋಧಕರು ಜಾಲದ ದಟ್ಟಣೆ ತಡೆಯುವ ಕ್ರಮಗಳನ್ನು ಪ್ರಕಟಿಸಿದರು. 1992ರ ಮಾನದಂಡವೊಂದು ಈ 64 ಕಿಲೋಬೈಟ್ ಮಿತಿಯನ್ನು ಹಿಗ್ಗಿಸಿತು.

ಆದರೂ ತಂತ್ರಾಂಶಗಳ ಮಾತುಗಾರಿಕೆ ಉಳಿಯಿತು. ಒಂದು ಪರದೆ ತುಂಬಲು ಒಂದರ ಹಿಂದೊಂದು 40 ಪ್ರಶ್ನೆ ಕೇಳುವ ತಂತ್ರಾಂಶ ಉಪಗ್ರಹದ ಮೇಲೆ 20 ಸೆಕೆಂಡು ನುಂಗುತ್ತದೆ. 10 ಮಿಲಿಸೆಕೆಂಡಿನ ಫೈಬರ್ ಮೇಲೆ ಅದಕ್ಕೆ ಸಾಕಾಗುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ವಿಂಡೋಸ್‌ನ ಹಳೆಯ ಕಡತ ಹಂಚಿಕೆ ವ್ಯವಸ್ಥೆ ಈ ದೋಷಕ್ಕೆ ಕುಖ್ಯಾತವಾಗಿತ್ತು.

2000ದಲ್ಲಿ ಸಂಶೋಧಕರಾದ ನೀಲ್ ಸ್ಪ್ರಿಂಗ್ ಮತ್ತು ಡೇವಿಡ್ ವೆದರಾಲ್, ಒಮ್ಮೆ ಸಾಗಿದ ದತ್ತಾಂಶವೇ ಮತ್ತೆ ಸಾಗುವುದನ್ನು ತಪ್ಪಿಸುವ ವಿಧಾನವನ್ನು ಮಂಡಿಸಿದರು. 2002ರಲ್ಲಿ ಸ್ಥಾಪನೆಯಾದ ರಿವರ್‌ಬೆಡ್ ಕಂಪನಿ ಇಂಥ ವಿಚಾರಗಳನ್ನು ಸ್ಟೀಲ್‌ಹೆಡ್ ಎಂಬ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ತಂದಿತು. ಲೈನಿನ ಎರಡೂ ತುದಿಯಲ್ಲಿ ಒಂದೊಂದು ಪೆಟ್ಟಿಗೆ ಇರುತ್ತದೆ. ಕಡತವನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಒಂದು ಗುರುತು ಕೊಟ್ಟು, ಎರಡೂ ಕಡೆ ಕಾಪಿಡಲಾಗುತ್ತದೆ. ನಿನ್ನೆ ಕಳಿಸಿದ ವರದಿಯಲ್ಲಿ ಇಂದು ಒಂದು ಸಾಲು ಬದಲಾಗಿದ್ದರೆ ಬದಲಾದ ತುಂಡು ಮಾತ್ರ ಲೈನಿಗಿಳಿಯುತ್ತದೆ. ಮಿಕ್ಕದ್ದಕ್ಕೆ ಗುರುತು ಸಾಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತಂದವರೂ ಇದೇ ಜಾಣ್ಮೆ ತೋರಿದ್ದರು: ತಂತಿಯನ್ನು ದಪ್ಪಗೊಳಿಸುವ ಬದಲು ಒಂದು ತುದಿಯಲ್ಲಿ ವೋಲ್ಟೇಜ್ ಏರಿಸಿ ಇನ್ನೊಂದು ತುದಿಯಲ್ಲಿ ಇಳಿಸಿ, ದಾರಿಯ ನಷ್ಟ ತಗ್ಗಿಸಿದ್ದರು.

ಬಂಗಾರಪೇಟೆಯಂಥ ತಾಲೂಕು ಕೇಂದ್ರಗಳಿಗೆ ವ್ಯಾನ್ ಮುಖ್ಯವಾದದ್ದು ಭೂಮಿ ಯೋಜನೆಯಿಂದ. ರಾಜ್ಯದ ಆಗಿನ 177 ತಾಲೂಕುಗಳ ಪಹಣಿಗಳನ್ನು ಈ ಯೋಜನೆ ಕಂಪ್ಯೂಟರಿಗೆ ಏರಿಸಿತು. ಮೊದಲ ಹಂತದಲ್ಲಿ ಪ್ರತಿ ತಾಲೂಕು ಕಚೇರಿಯಲ್ಲೂ ಸ್ವಂತ ಸರ್ವರ್ ಇದ್ದುದರಿಂದ ಕೌಂಟರಿನ ರೈತನಿಗೂ ದೂರದ ಜಾಲಕ್ಕೂ ಸಂಬಂಧವಿರಲಿಲ್ಲ. ದಾಖಲೆಗಳು ಬೆಂಗಳೂರಿನಲ್ಲಿ ಕೇಂದ್ರೀಕೃತವಾದ ಮೇಲೆ ಚಿತ್ರ ಬದಲಾಯಿತು: ಒಂದೇ ಕಡೆ ನವೀಕರಿಸುವ, ಯಾವ ಊರಿನಿಂದಲಾದರೂ ಪಡೆಯುವ ಅನುಕೂಲ ಸಿಕ್ಕಿತು, ಅದರ ಬೆಲೆಯಾಗಿ ಲೈನು ಕೈಕೊಟ್ಟರೆ ಕೌಂಟರೇ ನಿಂತಿತು. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿದ ರಾಜ್ಯ ವ್ಯಾಪಿ ಜಾಲದ ಯೋಜನೆ ರಾಜಧಾನಿ, ಜಿಲ್ಲೆ, ತಾಲೂಕುಗಳ ನಡುವೆ ಕನಿಷ್ಠ 2 ಮೆಗಾಬಿಟ್ ಸಾಮರ್ಥ್ಯ ಬಯಸಿತ್ತು. ಕರ್ನಾಟಕದಲ್ಲಿ ಅದು ಕೆಸ್ವಾನ್ ಆಯಿತು.

ಬೆಂಗಳೂರಿನಿಂದ ಕೆಜಿಎಫ್‌ಗೆ ಸುಮಾರು 100 ಕಿ.ಮೀ. ಫೈಬರಿನಲ್ಲಿ ಬೆಳಕು ಹೋಗಿಬರಲು ಬೇಕಾದದ್ದು ಬರೀ ಒಂದು ಮಿಲಿಸೆಕೆಂಡು. ಇಲ್ಲಿ ನಿಧಾನಕ್ಕೆ ದೂರ ಹೊಣೆಯಲ್ಲ; ಕಿರಿದಾದ ಲೈನು, ರೂಟರುಗಳಲ್ಲಿ ಕಾಯುವ ಸಾಲು, ಕಳೆದುಹೋಗುವ ಪ್ಯಾಕೆಟ್ಟುಗಳು (ದತ್ತಾಂಶದ ತುಣುಕುಗಳು) ಹೊಣೆ.

ಸಂಚಾರವೆಲ್ಲ ಗೂಢಲಿಪಿಯಲ್ಲಿ ಸಾಗತೊಡಗಿದ ಮೇಲೆ ನಡುವಿನ ಪೆಟ್ಟಿಗೆಗಳಿಗೆ ಒಳಗಿನದು ಕಾಣದಾಯಿತು. ವೇಗವರ್ಧನೆಯ ಕೆಲಸ ಮೆಲ್ಲಗೆ ನಿಯಮಗಳೊಳಗೇ ಸೇರಿತು. 2015ರ ಎಚ್‌ಟಿಟಿಪಿ/2 ಹಲವು ಕೋರಿಕೆಗಳನ್ನು ಒಂದೇ ಸಂಪರ್ಕದಲ್ಲಿ ಒಟ್ಟಿಗೆ ಸಾಗಿಸಿತು. 2016ರಲ್ಲಿ ಗೂಗಲ್ ಪ್ರಕಟಿಸಿದ ಬಿಬಿಆರ್ ಎಂಬ ದಟ್ಟಣೆ ನಿಯಂತ್ರಣ ಕ್ರಮ, ಪ್ಯಾಕೆಟ್ ನಷ್ಟವನ್ನಷ್ಟೇ ನೋಡದೆ ಲೈನಿನ ನಿಜವಾದ ಸಾಮರ್ಥ್ಯ ಅಳೆದು ವೇಗ ನಿರ್ಧರಿಸಿತು. 2021ರಲ್ಲಿ ಮಾನದಂಡವಾದ ಕ್ವಿಕ್ ಎಂಬ ನಿಯಮ, ಸಂಪರ್ಕ ಕುದುರಿಸಲು ಬೇಕಾದ ಸುತ್ತುಗಳನ್ನೇ ಕಡಿತಗೊಳಿಸಿತು.